ನೀರಿನ ಡ್ರಮ್ಮಿನೊಳಗೆ ಎಂಟು ಹಾಡು

ತಾರ್ನಾಕದ ನಮ್ಮ ಮನೆಯಲ್ಲಿ ಸೋಮವಾರ, ಮಂಗಳವಾರಗಳು ಗೋಡೆಯ ಕ್ಯಾಲೆಂಡರಿನಲ್ಲಿ ಮಾತ್ರ ಇದ್ದವು. ನಾವು ಬದುಕುತ್ತಿದ್ದುದು ಎರಡೇ ದಿನಗಳಲ್ಲಿ: ನೀರು ಬರುವ ದಿನ, ನೀರು ಬಾರದ ದಿನ. ದಿನ ಬಿಟ್ಟು ದಿನ ಬೆಳಿಗ್ಗೆ ಆರಕ್ಕೆ ನಳಕ್ಕೆ ನೀರು ಬಿಡುತ್ತಿದ್ದರು; ಏಳೂವರೆಗೆ ಅದು ಕೆಮ್ಮಿ, ಉಗುಳಿ, ನಿಂತುಹೋಗುತ್ತಿತ್ತು. ಆ ಒಂದೂವರೆ ತಾಸು ನಮ್ಮ ಮನೆಯಲ್ಲಿ ದಂಡು ಇಳಿದಂತಿರುತ್ತಿತ್ತು. ಅವ್ವ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಚ್ಚಲ ಬಾಗಿಲಲ್ಲಿ ನಿಂತು ಹುಕುಂ ಕೊಡುತ್ತಿದ್ದಳು. ಅಪ್ಪ ಊರಂಚಿನಲ್ಲಿದ್ದ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ನೋಡಿ, ಕೂದಲೆಳೆಯಷ್ಟು ತಪ್ಪಿದ್ದನ್ನೂ ಪಕ್ಕಕ್ಕೆ ಎಸೆಯುವ ಕೆಲಸದಲ್ಲಿದ್ದ. ಆ ಚಟವನ್ನು ಮನೆಗೂ ತಂದಿದ್ದ. ಮನೆಯ ಇಪ್ಪತ್ತೇಳು ಪಾತ್ರೆಗಳಿಗೂ ಕೆಂಪು ಬಣ್ಣದಲ್ಲಿ ನಂಬರು ಬರೆದಿದ್ದ. ಹಿತ್ತಾಳೆ ತಂಬಿಗೆ ಒಂದು, ಬಚ್ಚಲಿನ ನೀಲಿ ಪ್ಲಾಸ್ಟಿಕ್ ಡ್ರಮ್ಮು ಇಪ್ಪತ್ತೇಳು. ಪಾತ್ರೆಗಳು ತುಂಬಬೇಕಾದ ಸರದಿಯ ಪಟ್ಟಿಯೊಂದನ್ನು ಬಚ್ಚಲ ಬಾಗಿಲಿಗೆ ಅಂಟಿಸಿದ್ದ.

"ಹದಿನಾಲ್ಕು ಎಲ್ಲೈತಿ? ಹದಿಮೂರಾದ ಮ್ಯಾಲ ಹದಿನೈದು ಯಾಕ ಬಂತು?"

"ಹದಿನಾಲ್ಕರಾಗ ಹಿಟ್ಟು ನಾದೀನ್ರಿ! ಹಿಟ್ಟಿನ ಮ್ಯಾಲ ನೀರು ಹಿಡೀಲೇನು?"

ಕೆಳಗಿನ ಮನೆಯ ಓನರಮ್ಮ ತೆಲುಗಿನವಳು. ನೀರು ಬಂದ ಕೂಡಲೇ "ಅಮ್ಮಾ, ನೀಳ್ಳು ವಚ್ಚಾಯಿ!" ಎಂದು ಮೆಟ್ಟಿಲ ಬುಡದಿಂದ ಕೂಗಿ ನಮ್ಮನ್ನು ಎಚ್ಚರಿಸುತ್ತಿದ್ದಳು. ಆದರೆ ಕೂಗುವ ಮೊದಲೇ ತನ್ನ ಮೋಟರು ಹಾಕಿರುತ್ತಿದ್ದಳು. ಸುದ್ದಿ ಹೇಳಿದ ಪುಣ್ಯವೂ ಅವಳದೇ, ನೀರೂ ಅವಳದೇ. ಅವ್ವ ಮನೆಯೊಳಗೆ ಅವಳನ್ನು ಕನ್ನಡದಲ್ಲಿ ಬೈದು, ಬಾಲ್ಕನಿಗೆ ಹೋಗಿ ತೆಲುಗಿನಲ್ಲಿ ಥ್ಯಾಂಕ್ಸ್ ಹೇಳಿ, ಹೊಳ್ಳಿ ಬಂದು ಬೈಗುಳವನ್ನು ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದಳು.

ಈ ಮನೆಗೆ ವಸಂತ ಮಾಮಾ ಬಂದದ್ದು ಮೂರು ತಿಂಗಳಿಗೆಂದು. ಅವ್ವನ ತಮ್ಮ. ಆಗ ಬಾಗಲಕೋಟೆಯಿಂದ ಬೀದರದವರೆಗೆ ಡಿಗ್ರಿ ಮುಗಿಸಿದವರೆಲ್ಲ ಒಂದು ಸೂಟಕೇಸು ಹಿಡಿದು ಅಮೀರ್‌ಪೇಟಿಗೆ ಬರುತ್ತಿದ್ದರು. ಮೂರು ತಿಂಗಳು ಕಂಪ್ಯೂಟರ್ ಕೋರ್ಸು ಮಾಡಿದರೆ ನಾಲ್ಕನೆಯ ತಿಂಗಳಿಗೆ ವಿಮಾನ ಹತ್ತಬಹುದು ಎಂದು ಎಲ್ಲರೂ ನಂಬಿದ್ದ ಕಾಲ. ಮಾಮಾ ಬಂದು ಮೂರು ವರ್ಷವಾದರೂ ನಮ್ಮ ಹಾಲ್‌ನಲ್ಲೇ ಮಲಗುತ್ತಿದ್ದ. ಅವನು ತಾನೇ ಬಿಡಿಬಿಡಿ ಸಾಮಾನು ತಂದು ಜೋಡಿಸಿದ ಕಂಪ್ಯೂಟರೊಂದು ದೇವರ ಕೋಣೆಯ ಪಕ್ಕ ಕುಳಿತಿತ್ತು. ಅವ್ವ ಅದಕ್ಕೆ ಕಸೂತಿಯ ಬಟ್ಟೆ ಹೊದಿಸಿ, ದಿನಾ ದೇವರಿಗೆ ಊದುಬತ್ತಿ ಹಚ್ಚಿದ ಮೇಲೆ ಉಳಿದ ಹೊಗೆಯನ್ನು ಅದರ ಕಡೆಗೂ ಒಮ್ಮೆ ಬೀಸುತ್ತಿದ್ದಳು. ಮಾಮಾನಿಗೆ ಅಮೀರ್‌ಪೇಟಿಯ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿದೆ ಎಂಬುದು ಅವ್ವನಿಗೆ ಗೊತ್ತಿತ್ತು. ಏನು ಕೆಲಸ ಎಂಬುದು ಗೊತ್ತಿರಲಿಲ್ಲ. ಹಂಗಾಗಿ ಊರಿಗೆಲ್ಲ "ಸಾಫ್ಟ್‌ವೇರ್ ಎಂಜಿನಿಯರ್" ಎಂದು ಹೇಳಿದ್ದಳು.

ಈಗ ನನ್ನನ್ನು ವೇದಿಕೆಗೆ ಕರೆಯುವವರು "ಹದಿನಾರನೆಯ ವಯಸ್ಸಿಗೇ ಇವರು ಕಾನ್ಸೆಪ್ಟ್ ಆಲ್ಬಮ್ ಮಾಡಿದವರು" ಎಂದು ಪರಿಚಯಿಸುತ್ತಾರೆ. ಒಂದೇ ಕಥೆಯನ್ನು ಹಾಡಿನಿಂದ ಹಾಡಿಗೆ ಎಳೆದುಕೊಂಡು ಹೋದರೆ ಹಾಗೆನ್ನುತ್ತಾರಂತೆ. ನನಗೆ ಆಗ ಆ ಪದ ಗೊತ್ತಿರಲಿಲ್ಲ. ಸೋಲೋ ಆಲ್ಬಮ್ ಎಂದೂ ಹೇಳುತ್ತಾರೆ. ಸೋಲೋ ಆದದ್ದು ನನ್ನನ್ನು ಬೇರೆ ಯಾರೂ ಜೊತೆಗೆ ಸೇರಿಸಿಕೊಳ್ಳದ ಕಾರಣಕ್ಕೆ. ಕನ್ನಡ ಸಂಘದ ರಾಜ್ಯೋತ್ಸವದ ಸಮೂಹಗಾನದಲ್ಲಿ ನಾನು ಎರಡನೆಯ ಸಾಲಿನಲ್ಲಿ ನಿಲ್ಲುತ್ತಿದ್ದೆ. ನಾಡಿನ ನದಿಗಳನ್ನು ಹೊಗಳುವ ಹಾಡೊಂದರಲ್ಲಿ ನದಿಗಳ ಹೆಸರು ಮರೆತುಹೋಗಿ, ಬಾಯಿಗೆ ಬಂದಂತೆ ನಮ್ಮ ಮನೆಯ ಪಾತ್ರೆಗಳ ಹೆಸರು ಹಾಡಿಬಿಟ್ಟೆ. ಕೊಡ, ಬಿಂದಿಗೆ, ಹಂಡೆ ಎಂದು. ತಾಳ ತಪ್ಪಿರಲಿಲ್ಲ. ಪಕ್ಕದ ನಾಲ್ಕು ಮಂದಿ ನನ್ನನ್ನೇ ನಂಬಿ ಅದನ್ನೇ ಹಾಡಿದ್ದರಿಂದ ತಪ್ಪು ಸಭೆಗೆ ಚೆನ್ನಾಗಿಯೇ ಕೇಳಿಸಿತು. ಹಾಡು ಕಲಿಸುವ ಮೇಡಂ ಮರುವಾರ ಬಂದು "ಈಕಿ ಒಬ್ಬಾಕೇ ಹಾಡಿಕೊಳ್ಳೂದು ಚಲೋ" ಎಂದು ಅವ್ವನಿಗೆ ಹೇಳಿ ಹೋದರು. ಅವ್ವ ಅದನ್ನು ಹೊಗಳಿಕೆ ಎಂದುಕೊಂಡು ಅವರಿಗೆ ಎರಡನೆಯ ಸಲ ಚಹಾ ಕೊಟ್ಟಳು.

ಪಾತ್ರೆಗಳ ಹೆಸರು ನಾಲಗೆಯ ಮೇಲೆ ಅಷ್ಟು ಸಲೀಸಾಗಿ ಬಂದದ್ದೇ ನನ್ನ ತಲೆಯಲ್ಲಿ ಕುಳಿತುಬಿಟ್ಟಿತು. ನೀರು ಬರುವ ದಿನವೊಂದನ್ನು ಪೂರ್ತಿ ಹಾಡಬೇಕು ಅನ್ನಿಸಿತು. ಕ್ಯಾಸೆಟ್ಟಿನ ಮೊದಲ ಮಗ್ಗುಲಿಗೆ ನಾಲ್ಕು ಹಾಡು, ನೀರು ಬಂದು ನಿಲ್ಲುವವರೆಗೆ. ಎರಡನೆಯ ಮಗ್ಗುಲಿಗೆ ನಾಲ್ಕು, ನೀರು ನಿಂತ ಮೇಲೆ ಮನೆಯ ಒಬ್ಬೊಬ್ಬರು ಎಲ್ಲಿಗೆ ಹೋಗುತ್ತಾರೆ, ಏನು ಮಾಡುತ್ತಾರೆ ಎಂಬುದು. ನಮಗಿಂತ ಮೊದಲು ಬಾಡಿಗೆಗಿದ್ದ ಯೂನಿವರ್ಸಿಟಿ ಹುಡುಗನೊಬ್ಬ ಅಟ್ಟದ ಮೇಲೆ ಬಿಟ್ಟುಹೋದ ಐದು ತಂತಿಯ ಗಿಟಾರು ನನ್ನ ವಾದ್ಯ. ಆರನೆಯ ತಂತಿ ಬೇಕು ಎಂಬುದೇ ನನಗೆ ಕಾಲೇಜಿಗೆ ಹೋಗುವವರೆಗೆ ತಿಳಿದಿರಲಿಲ್ಲ. ಕಂಪ್ಯೂಟರಿಗೆ ಮೈಕು ಸಿಕ್ಕಿಸಿ ರೆಕಾರ್ಡ್ ಮಾಡುವುದನ್ನು, ಅಲ್ಲಿಂದ ಟೇಪ್‌ರೆಕಾರ್ಡರಿಗೆ ವಯರು ಎಳೆದು ಕ್ಯಾಸೆಟ್ಟು ತುಂಬುವುದನ್ನು ಮಾಮಾ ಕಲಿಸಿಕೊಟ್ಟ. ಹಾಲ್‌ನಲ್ಲಿ ಹಾಡಿದರೆ ದನಿ ಹಪ್ಪಳದ ಹಾಗೆ ತೆಳ್ಳಗೆ ಕೇಳುತ್ತಿತ್ತು. ಒಂದು ಸಂಜೆ ತಳದ ನೀರು ಬಗ್ಗಿಸಲು ಇಪ್ಪತ್ತೇಳನೆಯ ನಂಬರಿನೊಳಗೆ ತಲೆ ಹಾಕಿ ಗುನುಗಿದಾಗ ಮೈ ಜುಮ್ಮೆಂದಿತು. ಖಾಲಿ ಡ್ರಮ್ಮಿನೊಳಗೆ ನನ್ನ ದನಿ ದೊಡ್ಡ ಗುಮ್ಮಟದ ಕೆಳಗೆ ನಿಂತವಳ ದನಿಯಂತಿತ್ತು. ಅಂದಿನಿಂದ ಅದೇ ನನ್ನ ಸ್ಟುಡಿಯೋ. ಡ್ರಮ್ಮನ್ನು ಅಡ್ಡ ಮಲಗಿಸಿ, ಸೊಂಟದವರೆಗೆ ಒಳಗೆ ತೂರಿ, ಮೈಕನ್ನು ಗಲ್ಲಕ್ಕೆ ರಬ್ಬರ್ ಬ್ಯಾಂಡಿನಿಂದ ಕಟ್ಟಿಕೊಂಡು ಹಾಡುತ್ತಿದ್ದೆ. ನೀರು ಬಾರದ ದಿನದ ಸಂಜೆ ಮಾತ್ರ ಡ್ರಮ್ಮು ಖಾಲಿ ಇರುತ್ತಿದ್ದರಿಂದ ರೆಕಾರ್ಡಿಂಗೂ ದಿನ ಬಿಟ್ಟು ದಿನವೇ ನಡೆಯುತ್ತಿತ್ತು. ಮೊದಲ ಸಲ ಬಚ್ಚಲಲ್ಲಿ ಡ್ರಮ್ಮಿನಿಂದ ಹೊರಗೆ ಚಾಚಿದ ಎರಡು ಕಾಲು ಕಂಡ ಅವ್ವ ಕೂಗಿದ ಕೂಗು ಮೂರನೆಯ ಹಾಡಿನ ಕೊನೆಯಲ್ಲಿ ಈಗಲೂ ಇದೆ. ಕೆಳಗಿನ ಓನರಮ್ಮನಿಗೆ ಪೈಪಿನ ಮೂಲಕ ನನ್ನ ಹಾಡು ಕೇಳಿಸುತ್ತಿತ್ತು. ಮೇಲಿನ ಮನೆಯ ಹುಡುಗಿಗೆ ಹೊಟ್ಟೆನೋವು ಎಂದುಕೊಂಡು ಆಕೆ ಎರಡು ಸಲ ಓಮದ ಕಷಾಯ ಕಳಿಸಿದಳು.

ಹಾಡುಗಳು ಸಾಗಿದ್ದಾಗ ಒಂದು ಮಧ್ಯಾಹ್ನ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯ ಪುಸ್ತಕ ತರಲು ಅಮೀರ್‌ಪೇಟಿಗೆ ಹೋದೆ. ಓಣಿಯ ಬಾಯಲ್ಲಿದ್ದ ಝೆರಾಕ್ಸ್ ಅಂಗಡಿಯ ಮುಂದೆ ಇಪ್ಪತ್ತು ಮಂದಿಯ ಸಾಲಿತ್ತು. ಒಳಗೆ ಕಂಪ್ಯೂಟರಿನ ಮುಂದೆ ವಸಂತ ಮಾಮಾ ಕುಳಿತಿದ್ದ. ಸಾಲಿನಲ್ಲಿ ಬಂದವರು ಎದುರಿನ ಸ್ಟೂಲಿನ ಮೇಲೆ ಕುಳಿತು ತಮ್ಮ ಕಥೆ ಹೇಳುತ್ತಿದ್ದರು. ಅವನು ಟಕಟಕ ಎಂದು ಅವರ ಬಯೋಡೇಟಾ ಮಾಡಿಕೊಡುತ್ತಿದ್ದ. ನನ್ನನ್ನು ಕಂಡು ಅವನ ಮುಖ ಬಿಳಿಚಿಕೊಂಡಿತು. ಅಂಗಡಿ ಬಿಟ್ಟು ಎದ್ದು ಬಂದು ಮಿರ್ಚಿ ಭಜಿ ಕೊಡಿಸಿದ.

"ಕೋರ್ಸಿನಾಗ ಮಾಸ್ತರ್ ಹೇಳೂದು ಒಂದೂ ತಲಿಗೆ ಹೋಗಲಿಲ್ಲ ಶೈಲು. ಆದ್ರ ಇಲ್ಲಿ ಕುಂತ್ರ, ಎದುರಿಗೆ ಬಂದಾವ ಎಂಥಾ ಮನಶ್ಯಾ ಅಂತ ಎರಡು ನಿಮಿಷದಾಗ ಗೊತ್ತಾಕ್ಕೈತಿ. ಈ ಕೆಲಸ ನನಗ ಭಾಳ ಸೇರೈತಿ. ಅಕ್ಕಗ ಮಾತ್ರ ಹೇಳಬ್ಯಾಡ."

"ಹೇಳೂದಿಲ್ಲ" ಎಂದೆ. ಬಾಯ್ತುಂಬ ಭಜಿ ಇತ್ತು. ಮಾತೂ ಖರೇನೇ ಇತ್ತು. ಆದರೆ ಮನೆಗೆ ಬರುವ ಬಸ್ಸಿನಲ್ಲೇ ಹಾಡು ಹುಟ್ಟಿಬಿಟ್ಟಿತು. ಆರನೆಯ ಹಾಡಿಗೆ ಅಲ್ಲಿಯವರೆಗೆ ವಿಷಯವೇ ಸಿಕ್ಕಿರಲಿಲ್ಲ. ಮಾಮಾ ಇಲ್ಲದ ಹೊತ್ತು ನೋಡಿ ಅದನ್ನು ರೆಕಾರ್ಡ್ ಮಾಡಿ, ಕಂಪ್ಯೂಟರಿನಲ್ಲಿ "ರಸಾಯನಶಾಸ್ತ್ರ" ಎಂಬ ಹೆಸರಿಟ್ಟು ಬಚ್ಚಿಟ್ಟೆ. ಆ ಹೆಸರಿದ್ದರೆ ನಮ್ಮ ಮನೆಯಲ್ಲಿ ಯಾರೂ ತೆರೆಯುವುದಿಲ್ಲ ಎಂಬ ಭರವಸೆ ನನಗಿತ್ತು.

ಅಮೀರ್‌ಪೇಟಿ ಅಂಗಡ್ಯಾಗ ಕುಂತಾನ ನನ್ನ ಮಾಮಾ,
ಝೆರಾಕ್ಸಿನ ಬೆಳಕು ಬಿದ್ದು ಬೆಳ್ಳಗಾಗ್ಯಾನ;
ಊರ ಮಂದಿ ನೌಕರಿ ಒಂದೊಂದ ಬರದು ಕೊಟ್ಟು
ತನ್ನ ಹಾಳಿ ಹಂಗ ಖಾಲಿ ಇಟ್ಟಾನ.

ಏಳನೆಯದು ಅವ್ವನ ಹಾಡು. ಅದು ನನ್ನ ಪ್ರಕಾರ ಇಡೀ ಕ್ಯಾಸೆಟ್ಟಿನ ಶಿಖರ. ಹದಿನಾರನೆಯ ವಯಸ್ಸಿನಲ್ಲಿ ನನಗೆ ದುಃಖ ಎಂದರೆ ಭಾಳ ಇಷ್ಟ. ನನ್ನ ಬಳಿ ಅದು ಇರಲಿಲ್ಲವಾದ್ದರಿಂದ ಅವ್ವನಿಗೆ ಕೊಟ್ಟೆ.

ಎಲ್ಲರುಂಡ ತಾಟು ತೊಳೆದು
ಅವ್ವ ಒಬ್ಬಳೆ ಉಣ್ಣತಾಳ;
ತಣ್ಣನ ರೊಟ್ಟಿ, ತಣ್ಣನ ಪಲ್ಯ,
ಕಣ್ಣೀರೇ ಆಕಿ ಮಜ್ಜಿಗಿ.

ಇದನ್ನು ಹಾಡುವಾಗ ಡ್ರಮ್ಮಿನೊಳಗೆ ನಾನೇ ಅತ್ತಿದ್ದೆ. ಬಚ್ಚಿಟ್ಟ ಆರನೆಯದನ್ನೂ ಸೇರಿಸಿ ಕ್ಯಾಸೆಟ್ಟು ತುಂಬಿದಾಗ ಅಪ್ಪ ಮೊದಲ ಹಾಡು ಮಾತ್ರ ಕೇಳಿದ. ಅದು ಅವನ ನಂಬರುಗಳ ಹಾಡು, ನಾನು ಗೇಲಿ ಮಾಡಿ ಬರೆದದ್ದು. ಅಪ್ಪ ಗಂಭೀರವಾಗಿ ತಲೆದೂಗಿ, "ಎಲ್ಲಾ ನಂಬರು ಸರಿ ಅದಾವ. ಒಂದೂ ಬಿಟ್ಟಿಲ್ಲ" ಎಂದು ಪಾಸು ಮಾಡಿದ. ಉಳಿದದ್ದನ್ನು ಕೇಳುವ ಅಗತ್ಯ ಅವನಿಗೆ ಕಾಣಲಿಲ್ಲ.

ಇಷ್ಟರಲ್ಲಿ ಅವ್ವ ಮಾಮಾನಿಗೆ ಹೆಣ್ಣು ಗೊತ್ತುಮಾಡುವ ಓಡಾಟದಲ್ಲಿದ್ದಳು. ಗಚ್ಚಿಬೌಲಿಯ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಪರೀಕ್ಷೆ ಮಾಡುವ ಸುಧಾ ಎಂಬ ಹುಡುಗಿ. ಧಾರವಾಡ ಕಡೆಯ ಮಂದಿ. ಹುಡುಗಿಯ ಮನೆಗೆ ನಾವು ಹೋಗುವುದು ಪದ್ಧತಿ. ಆದರೆ ಅವಳಪ್ಪ, ಹುಡುಗ ಅಕ್ಕನ ಮನೆಯಲ್ಲಿ ಇದ್ದಾನಲ್ಲ, ಮನೆ ಹೆಂಗಿದೆ ನೋಡಿಯೇ ಬಿಡುತ್ತೇವೆ ಎಂದು ಹೆಂಡತಿ, ಮಗಳನ್ನು ಕರೆದುಕೊಂಡು ಒಂದು ಭಾನುವಾರ ಸಂಜೆ ತಾವೇ ಬಂದರು. ಅವ್ವ ಕೆಂಪು ನಂಬರುಗಳು ಕಾಣದಂತೆ ಎಲ್ಲ ಪಾತ್ರೆಗಳ ಮುಖ ಗೋಡೆಗೆ ತಿರುಗಿಸಿದ್ದಳು. ಮಾಮಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೆವರುತ್ತ, ಕುರ್ಚಿಯ ತುದಿಯಲ್ಲಿ ಕುಳಿತಿದ್ದ.

"ಏನ್ ಕೆಲಸರಿ ನಿಮ್ದು?" ಎಂದರು ಸುಧಾಳ ಅಪ್ಪ.

"ಡಾಕ್ಯುಮೆಂಟೇಶನ್‌ನ್ಯಾಗ ಅದೀನ್ರಿ" ಎಂದ ಮಾಮಾ.

ಸುಧಾ ಅವನನ್ನು ಒಮ್ಮೆ ದಿಟ್ಟಿಸಿ ನೋಡಿ, ಕೆಳಗೆ ನೋಡಿದಳು. ಫ್ಯಾನಿನ ಸದ್ದು ಕೇಳುತ್ತ ಎಲ್ಲರೂ ಕುಳಿತರು. ಮೌನ ಅಳತೆ ಮೀರುತ್ತಿದೆ ಎಂದು ಅಪ್ಪನಿಗೆ ಅನ್ನಿಸಿರಬೇಕು. "ನಮ್ಮ ಮಗಳು ಹಾಡ್ತಾಳ್ರಿ, ಆಕೀದೇ ಕ್ಯಾಸೆಟ್ಟು" ಎಂದು ಎದ್ದು ಟೇಪ್‌ರೆಕಾರ್ಡರಿನ ಗುಂಡಿ ಒತ್ತಿಯೇಬಿಟ್ಟ. ನಾನು ಅಡುಗೆಮನೆಯಲ್ಲಿ ಅವ್ವನ ಜೊತೆ ಮಿರ್ಚಿ ಕರಿಯುತ್ತ, ನಡುನಡುವೆ ಹಾಲ್‌ಗೆ ಇಣುಕುತ್ತಿದ್ದೆ. ಕ್ಯಾಸೆಟ್ಟು ಎರಡನೆಯ ಮಗ್ಗುಲಿಗಿತ್ತು. ಹಿಂದಿನ ದಿನ ಐದನೆಯ ಹಾಡು ಕೇಳಿ ಅಲ್ಲಿಗೇ ನಿಲ್ಲಿಸಿದವಳು ನಾನೇ. "ಅಮೀರ್‌ಪೇಟಿ ಅಂಗಡ್ಯಾಗ" ಎಂದು ನನ್ನದೇ ದನಿ ಗುಮ್ಮಟದೊಳಗಿಂದ ಬಂದಂತೆ ಹಾಲ್ ತುಂಬಿದಾಗ ಜಾಲರಿ ಸೌಟನ್ನು ಎಣ್ಣೆಯಲ್ಲೇ ಬಿಟ್ಟು ಓಡಿದೆ. ಅಪ್ಪ ನನ್ನನ್ನು ತೋಳಿನಿಂದ ತಡೆದ.

"ನಾಚ್ಕೋತಾಳ್ರಿ" ಎಂದು ನಕ್ಕು, ದನಿ ಇನ್ನಷ್ಟು ಹೆಚ್ಚಿಸಿದ.

ಹಾಡು ನಾಲ್ಕು ಚರಣದ್ದು. ಒಂದನೆಯದರಲ್ಲಿ ಅಂಗಡಿ, ಎರಡನೆಯದರಲ್ಲಿ ಸಾಲು, ಮೂರನೆಯದರಲ್ಲಿ ಭಜಿ, ನಾಲ್ಕನೆಯದರಲ್ಲಿ "ಅಕ್ಕಗ ಹೇಳಬ್ಯಾಡ". ಯಾವ ಅನುಮಾನಕ್ಕೂ ನಾನು ಜಾಗ ಬಿಟ್ಟಿರಲಿಲ್ಲ. ಅವ್ವ ಮಿರ್ಚಿಯ ತಾಟು ಹಿಡಿದು ಬಾಗಿಲಲ್ಲಿ ಬಂದು ನಿಂತಿದ್ದಳು. ಸುಧಾಳ ಅಪ್ಪ ಬಾಯಿಯ ಹತ್ತಿರ ತಂದಿದ್ದ ಚಹಾದ ಕಪ್ಪನ್ನು ಕೆಳಗಿಟ್ಟರು.

"ಸಾಫ್ಟ್‌ವೇರ್ ಎಂಜಿನಿಯರ್ ಅಂದಿದ್ರಿ?"

ಅಷ್ಟರಲ್ಲಿ ಸುಧಾ ನಕ್ಕಳು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹುಡುಗಿ ನಗುವ ನಗುವಲ್ಲ ಅದು. ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ಹೆಗಲು ಕುಣಿಯುವ ನಗು.

"ಅಪ್ಪಾ, ನನ್ನ ಬಯೋಡೇಟಾ ಬರದು ಕೊಟ್ಟವರು ಇವರ. ಒಳಗ ಬಂದ ಕೂಡ್ಲೇ ಗುರುತು ಹಿಡದೆ." ಮಾಮಾನ ಕಡೆ ತಿರುಗಿದಳು. "ಹವ್ಯಾಸ ಅಂತ ಒಂದು ಸಾಲು ಖಾಲಿ ಇತ್ತು. ನೀವು ಈಜು ಅಂತ ಹಾಕಿದ್ರಿ. ನೆನಪೈತೇನ್ರಿ?"

"ಎಲ್ಲಾರಿಗೂ ಅದ ಹಾಕ್ತೀನ್ರಿ" ಎಂದ ಮಾಮಾ ನೆಲ ನೋಡುತ್ತ. "ಓದೂದು, ಸಂಗೀತ ಅಂತ ಎಲ್ಲಾರೂ ಬರೀತಾರ."

"ಇಂಟರ್‌ವ್ಯೂದಾಗ ಅರ್ಧ ತಾಸು ಈಜಿನ ಮ್ಯಾಲೇ ಕೇಳಿದ್ರು. ನಾನು ಹೊಂಡದ ದಂಡಿಗೂ ನಿಂತಾಕಿ ಅಲ್ಲ. ಅಂಜಿಕೆ ಹೆಂಗ ಗೆಲ್ಲೂದು ಅಂತ ಏನೇನೋ ಹೇಳಿದೆ. ಕೆಲಸ ಕೊಟ್ರು."

ಅವಳಪ್ಪ ಮಗಳನ್ನೊಮ್ಮೆ, ಮಾಮಾನನ್ನೊಮ್ಮೆ ನೋಡಿದರು. ಯಾರ ಮೇಲೆ ಮೊದಲು ಸಿಟ್ಟಾಗಬೇಕು ಎಂದು ಅವರಿಗೆ ತಿಳಿಯಲಿಲ್ಲ. ಆ ಗೊಂದಲದಲ್ಲಿ ಟೇಪು ನಿಲ್ಲಿಸುವುದು ಯಾರಿಗೂ ನೆನಪಾಗಲಿಲ್ಲ, ಏಳನೆಯ ಹಾಡು ಶುರುವಾಯಿತು. ಕಣ್ಣೀರಿನ ಮಜ್ಜಿಗೆಯ ಸಾಲು ಬಂದಾಗ ಸುಧಾಳ ತಾಯಿ ಮೂಗು ಒರೆಸಿಕೊಂಡು, ಎದ್ದು ಹೋಗಿ, ಬಾಗಿಲಲ್ಲಿ ನಿಂತ ಅವ್ವನ ಕೈ ಹಿಡಿದರು.

"ಎಷ್ಟು ನೊಂದೀರಿ ಅಕ್ಕಾರ. ಮುಖದ ಮ್ಯಾಲ ಒಂಚೂರೂ ಕಾಣೂದಿಲ್ಲ."

ಆಗ ಅವ್ವನ ಮುಖ ಹೇಗಿತ್ತೆಂದರೆ, ಮೂರು ದಿನ ನಳಕ್ಕೆ ನೀರು ಬಾರದಿದ್ದಾಗಲೂ ನಾನು ಅದನ್ನು ಕಂಡಿರಲಿಲ್ಲ. ಒಂದು ಕೈ ಬೇರೆಯವರ ಕೈಯಲ್ಲಿ, ಇನ್ನೊಂದರಲ್ಲಿ ಮಿರ್ಚಿಯ ತಾಟು. "ಮಿರ್ಚಿ ತಗೋರಿ" ಎಂದಷ್ಟೇ ಹೇಳಿದಳು.

ಬಂದವರು ಹೋದ ಮೇಲೆ ಮಾಮಾ ಬಾಲ್ಕನಿಯಲ್ಲಿ ಒಬ್ಬನೇ ಕುಳಿತಿದ್ದ. ಹತ್ತಿರ ಹೋದೆ.

"ಹೇಳೂದಿಲ್ಲ ಅಂದಿದ್ದಿ."

"ಹೇಳಿಲ್ಲ ಮಾಮಾ. ಹಾಡೀನಿ."

ಅವನು ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. "ಹೇಳಿದ್ರ ಒಬ್ಬರಿಗೆ ಕೇಳತಿತ್ತು ಶೈಲು" ಎಂದ. "ನನ್ನ ಹಾಳಿ ಖಾಲಿ ಐತಿ ಅಂತ ನಿನಗ್ಯಾರು ಹೇಳಿದ್ರು? ನಾ ಅಲ್ಲಿ ಖುಷಿ ಅದೀನಿ ಅಂತ ನಿನಗ ಹೇಳಿದ್ನಲ್ಲ. ಅದನ್ಯಾಕ ಹಾಡಲಿಲ್ಲ?" ಆ ಕೆಲಸ ತನಗೆ ಇಷ್ಟ ಎಂದು ಅವನು ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೆ; ಖಾಲಿ ಹಾಳೆ ಹಾಡಿಗೆ ಚೆಂದ ಎಂದು ಅದನ್ನು ಬಿಟ್ಟಿದ್ದೆ. ಅತ್ತುಬಿಟ್ಟೆ. ಈ ಸಲ ಡ್ರಮ್ಮಿನ ಹೊರಗೆ. ಮಾಮಾ ಒಂದು ತಿಂಗಳು ನನ್ನ ಜೊತೆ ನೆಟ್ಟಗೆ ಮಾತಾಡಲಿಲ್ಲ. ಸುಧಾಳ ಅಪ್ಪನ ಸಿಟ್ಟು ಇಳಿಯಲು ಅದಕ್ಕಿಂತ ಹೆಚ್ಚು ದಿನ ಹಿಡಿಯಿತು. ಆದರೆ ಸುಧಾ ಪ್ರತಿ ಶನಿವಾರ ಅಮೀರ್‌ಪೇಟಿಗೆ ಹೋಗಿ ಆ ಸಾಲಿನಲ್ಲಿ ನಿಲ್ಲತೊಡಗಿದ್ದಳು. ಅವಳಿಗೆ ತಿದ್ದಿಸಬೇಕಾದ ಬಯೋಡೇಟಾ ಏನೂ ಇರಲಿಲ್ಲ. ಮುಂದಿನ ವರ್ಷ ಆಕೆ ನನಗೆ ಅತ್ತೆಯಾದಳು. ಮಾಮಾ ಝೆರಾಕ್ಸ್ ಅಂಗಡಿಯಲ್ಲೇ ಉಳಿದ.

ಅವ್ವ ಆ ಭಾನುವಾರ ರಾತ್ರಿ ತಮ್ಮನನ್ನು ಹೊಟ್ಟೆ ತುಂಬ ಬೈದಳು. ನನ್ನನ್ನು ಬೈಯಲಿಲ್ಲ. ಅದೇ ನನಗೆ ಹೆಚ್ಚು ಅಂಜಿಕೆ ತಂದಿತು. ಮರುದಿನ ನೀರು ಬಂತು, ತುಂಬಿತು, ನಿಂತಿತು. ಅಪ್ಪ, ಮಾಮಾ ಕೆಲಸಕ್ಕೆ ಹೋದರು. ಮಧ್ಯಾಹ್ನ ನನ್ನ ಊಟ ಮುಗಿದು ಏಳುವಷ್ಟರಲ್ಲಿ ಅವ್ವ ಕೂಗಿದಳು.

"ಎಲ್ಲಿ ಹೊಂಟಿ? ಕುಂದ್ರು. ನನ್ನ ಮಜ್ಜಿಗ್ಯಾಗ ಕಣ್ಣೀರು ಎಲ್ಲೈತಿ ತೋರಿಸು. ನಾ ಇಂಗು ಹಾಕ್ತೀನಿ, ಹಸಿ ಶುಂಠಿ ಹಾಕ್ತೀನಿ. ಕಣ್ಣೀರು ಯಾವ ಡಬ್ಬ್ಯಾಗ ಇಟ್ಟೀನಿ?"

ಬಾಗಿಲು ಮುಂದೆ ಮಾಡಿದಳು. ರೇಡಿಯೋ ಸಣ್ಣಗೆ ಹಚ್ಚಿದಳು. ಗೋಡೆಗೆ ಬೆನ್ನು ಕೊಟ್ಟು ಎರಡೂ ಕಾಲು ನೀಡಿ ಕುಳಿತಳು. ಅವ್ವನ ಕಾಲು ಅಷ್ಟು ಉದ್ದ ಎಂದು ನನಗೆ ಗೊತ್ತೇ ಇರಲಿಲ್ಲ. ರೊಟ್ಟಿ ತಣ್ಣಗಿರಲಿಲ್ಲ. ಎಲ್ಲರದೂ ಆದ ಮೇಲೆ ತನಗೆಂದು ಒಂದನ್ನು ಕೆಂಡದಂಥ ಹಂಚಿನ ಮೇಲೆ ಗರಿಗರಿಯಾಗುವವರೆಗೆ ಬಿಟ್ಟಿದ್ದಳು. ಬೇಳೆಯ ಡಬ್ಬಿಯ ಹಿಂದಿನ ಡಬ್ಬಿಯ ಹಿಂದಿನಿಂದ ಒಂದು ಸಣ್ಣ ಭರಣಿ ಹೊರಬಂತು. ಮಸಾಲೆ ತುಂಬಿದ ಕೆಂಪು ಮೆಣಸಿನಕಾಯಿಯ ಉಪ್ಪಿನಕಾಯಿ. ಹದಿನಾರು ವರ್ಷ ಆ ಮನೆಯಲ್ಲಿ ಉಂಡವಳು ಅದನ್ನು ಅಂದೇ ಮೊದಲು ಕಂಡದ್ದು. ತಿನ್ನುತ್ತ ಅವ್ವ ಓನರಮ್ಮ ಮೋಟರು ಹಾಕಿ ಕೂಗುವುದನ್ನು ಅನುಕರಣೆ ಮಾಡಿ ತೋರಿಸಿದಳು. ಹೊಟ್ಟೆ ಹಿಡಿದುಕೊಂಡು ನಕ್ಕೆ.

"ಇದೊಂದು ತಾಸು ನಾ ಯಾರ ಅವ್ವನೂ ಅಲ್ಲ, ಯಾರ ಅಕ್ಕನೂ ಅಲ್ಲ" ಎಂದಳು. "ಇದನ್ನ ಬಿಟ್ಟುಕೊಟ್ಟು ನಿಮ್ಮ ಜೋಡಿ ಉಣ್ಣಾಕ ನನಗೇನು ಹುಚ್ಚು ಹಿಡದೈತೇನು? ನೋಡಿ ಬರಿ. ನೋಡಲಾರದ ಬರೀಬ್ಯಾಡ."

ಭರಣಿಯಿಂದ ಅರ್ಧ ಮೆಣಸಿನಕಾಯಿ ನನಗೆ ಕೊಟ್ಟಳು. ಪೂರ್ತಿ ಕೊಡಲಿಲ್ಲ.

ಆರನೆಯ ಹಾಡನ್ನು ಮಾಮಾ ಕ್ಷಮಿಸಿದ ಮೇಲೆ ಅವನೆದುರಿಗೇ ಕುಳಿತು ತಿದ್ದಿದೆ. ಏಳನೆಯದನ್ನು ಪೂರ್ತಿ ಹರಿದು ಹೊಸದಾಗಿ ಬರೆದೆ, ಮೂರು ವಾರ, ದಿನಾ ಮಧ್ಯಾಹ್ನ ಅಡುಗೆಮನೆಯ ಮೂಲೆಯಲ್ಲಿ ಬಾಯಿ ಮುಚ್ಚಿ ಕುಳಿತು.

ಕದಾ ಮುಂದ ಮಾಡಿ, ಕಾಲು ಚಾಚಿ
ಅವ್ವ ಉಣ್ಣತಾಳ ನೋಡ;
ಡಬ್ಬಿ ಹಿಂದ ಡಬ್ಬಿ, ಅದರ ಹಿಂದ ಭರಣಿ,
ಕರೀಬ್ಯಾಡ್ರಿ ಯಾರೂ, ಆಕಿ ಮನಿಯಾಗಿಲ್ಲ.

ರೆಕಾರ್ಡಾದ ದಿನ ಹೆಡ್‌ಫೋನನ್ನು ಅವ್ವನ ಕಿವಿಗೆ ಹಾಕಿದೆ. ಕಂಪ್ಯೂಟರಿನ ಮುಂದೆ ಸೆರಗು ಸರಿಮಾಡಿಕೊಂಡು, ಪರೀಕ್ಷೆಗೆ ಬಂದವಳಂತೆ ನೆಟ್ಟಗೆ ಕುಳಿತು ಕೇಳಿದಳು. ಮುಖದಲ್ಲಿ ಏನೂ ಓದಲಾಗಲಿಲ್ಲ. ಹಾಡು ಮುಗಿಯಿತು, ಇನ್ನೊಮ್ಮೆ ಹಚ್ಚು ಎಂದು ಕೈ ಸನ್ನೆ ಮಾಡಿದಳು. ಎರಡನೆಯ ಸಲ ಮುಗಿದ ಮೇಲೆ ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟು ಎದ್ದಳು.

"ಈಗ ಸುಳ್ಳಿಲ್ಲ" ಎಂದಳು. ಅಡುಗೆಮನೆಯ ಬಾಗಿಲವರೆಗೆ ಹೋಗಿ ತಿರುಗಿದಳು. "ಆದ್ರ ಇನ್ನೊಂಚೂರು ಲಗೂ ಲಗೂ ಹಾಡು. ನಾ ಅಷ್ಟು ಸಾವಕಾಶ ಉಣ್ಣೂದಿಲ್ಲ."